ಉತ್ತರ ಪತ್ರಿಕೆಯ ಮೊದಲ ಸಾಲು

"ನೀವು ಅವಳ ಪಕ್ಕದಲ್ಲಿ ಕೂರಬಹುದು, ನೀರು ಕೊಡಬಹುದು, ಬೇಕಾದರೆ ಕೈ ಹಿಡಿದುಕೊಳ್ಳಬಹುದು. ಆದರೆ ಒಳಗೆ ಮಾತಾಡುವಂತಿಲ್ಲ," ಎಂದಳು ಕಚೇರಿಯ ಹುಡುಗಿ, ಅಚ್ಚು ಹಾಳೆಯೊಂದರ ಮೇಲೆ ಬೆರಳಿಟ್ಟು ತೋರಿಸುತ್ತ.

ರತ್ನವ್ವ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದಳು. ನಿಯಮ ಏಳು, ಉಪನಿಯಮ ಎರಡು. ಅರವತ್ತೊಂದು ವರ್ಷದ ಹೆಂಗಸಿಗೆ ಬಾಯಿ ಮುಚ್ಚಿಕೊಂಡು ಕೂತಿರು ಎನ್ನುವುದನ್ನೂ ಈ ಯೂನಿವರ್ಸಿಟಿಯವರು ನಂಬರು ಹಾಕಿ ಅಚ್ಚು ಮಾಡಿಸಿಟ್ಟಿದ್ದಾರಲ್ಲ ಎಂದು ಅವಳಿಗೆ ಸೋಜಿಗವೂ ಆಯಿತು, ಸಿಟ್ಟೂ ಬಂತು. ಇಪ್ಪತ್ತೆರಡು ವರ್ಷ ಲಂಡನ್ನಿನ ಹ್ಯಾರೋದ ಶಾಲೆಯೊಂದರ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿದವಳು ಅವಳು. ಮುನ್ನೂರು ಮಕ್ಕಳ ಗದ್ದಲದ ನಡುವೆ ಹೆಡ್‌ಮಾಸ್ಟರಿಗೇ ಎದುರುತ್ತರ ಕೊಟ್ಟ ಬಾಯಿ ಅದು.

"ಒಂದು ಮಾತೂ ಇಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ವಿಚಾರಣಾ ಸಮಿತಿಯ ಜೊತೆ ಒಂದು ಮಾತೂ ಇಲ್ಲ. ನೀವು ಬೆಂಬಲಕ್ಕೆ ಬಂದವರು, ಅಷ್ಟೆ." ಹುಡುಗಿ ನಕ್ಕು ಒಳಗೆ ಹೋದಳು.

ಪಕ್ಕದ ಕುರ್ಚಿಯಲ್ಲಿ ಸ್ಫೂರ್ತಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದಳು. ರತ್ನವ್ವನ ದೊಡ್ಡಪ್ಪನ ಮಗ ಬಸವಂತಪ್ಪ ಬಿಜಾಪುರದಲ್ಲಿ ಗಣಿತದ ಮಾಸ್ತರ. ಅವನ ಮಗಳು ಇವಳು. ಕುಡಿಯುವ ನೀರನ್ನು ಶುದ್ಧ ಮಾಡುವ ವಿದ್ಯೆಯಲ್ಲಿ ಎಂಎಸ್‌ಸಿ ಮಾಡುತ್ತೇನೆಂದು ಹೋದ ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದವಳು, ರೇನರ್ಸ್ ಲೇನಿನ ರತ್ನವ್ವನ ಮನೆಯ ಮೇಲಿನ ಕೋಣೆಯಲ್ಲಿ ಇದ್ದಳು. ಬಿಜಾಪುರದಲ್ಲಿ ನಳಕ್ಕೆ ನೀರು ಬರುವುದೇ ಐದು ದಿನಕ್ಕೊಮ್ಮೆ, ಬಂದ ನೀರೂ ಉಪ್ಪು. ಅದಕ್ಕೇನಾದರೂ ಮಾಡಬೇಕು ಎನ್ನುವುದು ಅವಳ ಹಟ. ಬಂದ ಮೇಲೆ ಒಂದೇ ಒಂದು ಕ್ಲಾಸು ತಪ್ಪಿಸಿದವಳಲ್ಲ.

"ಅತ್ತಿ, ಖರೇನ ಒಳಗ ಏನೂ ಅನಬ್ಯಾಡ್ರಿ," ಎಂದಳು ಮೆಲ್ಲಗೆ.

"ಅನಂಗಿಲ್ಲ ತಗೊ. ನಿಮ್ಮ ಮಾಮಾ ಬ್ಯಾರೆ ಮುಂಜಾನಿಂದ ಅದನ್ನ ಹತ್ತು ಸಲ ಹೇಳ್ಯಾರ."

ಎದುರಿನ ಗೋಡೆಯ ಮೇಲೆ ದೊಡ್ಡದೊಂದು ಪೋಸ್ಟರು. ಅದರಲ್ಲಿ ಇದೇ ಸ್ಫೂರ್ತಿ, ರತ್ನವ್ವನದೇ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದಳು. ಕೆಳಗೆ ದಪ್ಪ ಅಕ್ಷರಗಳಲ್ಲಿ 'ನಿಮ್ಮ ಸಂಸ್ಕೃತಿಯೇ ನಮ್ಮ ಶಕ್ತಿ' ಎಂಬರ್ಥದ ಇಂಗ್ಲಿಷ್ ಸಾಲು. ಮಾರ್ಚಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಹಬ್ಬ ಎಂದು ಒಂದು ದಿನ ಮಾಡಿದ್ದರು. ಅವತ್ತು ರತ್ನವ್ವ ಅರವತ್ತು ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದಳು. ಹುಡುಗಿ ಒಂದು ಮೇಜು ಹಾಕಿಕೊಂಡು, ಬಂದವರ ಹೆಸರನ್ನೆಲ್ಲ ಕನ್ನಡದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟಳಂತೆ. ಸರದಿ ಬಾಗಿಲಾಚೆಗೂ ಹೋಗಿತ್ತಂತೆ. ಎಂಥ ಚಂದದ ಅಕ್ಷರ, ಮುತ್ತು ಪೋಣಿಸಿದ ಹಾಗಿದೆ ಎಂದು ಪ್ರೊಫೆಸರುಗಳೆಲ್ಲ ಹೊಗಳಿದ್ದೇ ಹೊಗಳಿದ್ದು. ಆಗ ಚಂದವಿದ್ದ ಅಕ್ಷರ ಎರಡು ತಿಂಗಳಲ್ಲಿ ಕಳ್ಳ ಸನ್ನೆ ಆಗಿಹೋಗಿತ್ತು.

ಹುಡುಗಿ ಮಾಡಿದ್ದಾದರೂ ಏನು? ಅವರ ಕಡೆಯ ಮನೆಗಳಲ್ಲಿ ಪರೀಕ್ಷೆಗೆ ಕೂತವರು ಪತ್ರಿಕೆಯ ನೆತ್ತಿಯ ಮೇಲೆ 'ಶ್ರೀ ಗುರುಬಸವಲಿಂಗಾಯ ನಮಃ' ಎಂದು ಬರೆದೇ ಮೊದಲ ಪ್ರಶ್ನೆಗೆ ಕೈ ಹಚ್ಚುವುದು. ಪಾಟಿಯ ಮೇಲೆ ಒಂದು ಎರಡು ತಿದ್ದುವಾಗಿನಿಂದ ಇಂಜಿನಿಯರಿಂಗ್ ಮುಗಿಸುವವರೆಗೆ ಸ್ಫೂರ್ತಿ ಬರೆದುಕೊಂಡೇ ಬಂದಿದ್ದಳು. ಇಲ್ಲಿಗೆ ಬಂದ ಮೇಲೆ ಬಿಟ್ಟಿದ್ದಳು. ಇಲ್ಲಿ ಉತ್ತರ ಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರೇ ಇರುವುದಿಲ್ಲ, ಬರೀ ಒಂದು ಸಂಖ್ಯೆ. ತಿದ್ದುವವರಿಗೆ ಇದು ಯಾರದೆಂದು ತಿಳಿಯಬಾರದು ಎಂಬುದು ಕಟ್ಟುನಿಟ್ಟು. ಜನವರಿಯ ಪರೀಕ್ಷೆಗಳಲ್ಲಿ ಅವಳು ಸಂಖ್ಯೆ ಬರೆದು ನೇರ ಪ್ರಶ್ನೆಗೆ ಹೋಗಿದ್ದಳು.

ಮೇ ತಿಂಗಳ ಪರೀಕ್ಷೆಯ ಮುಂಜಾನೆ ಮಾತ್ರ ಹುಡುಗಿಯ ಕೈ ನಡುಗುತ್ತಿತ್ತು. ಎಲ್ಲದಕ್ಕಿಂತ ಕಠಿಣ ಪೇಪರು ಅದು. ಬಡಿಸಿದ ಉಪ್ಪಿಟ್ಟು ಮುಟ್ಟಿರಲಿಲ್ಲ. ರತ್ನವ್ವನೇ ಕೇಳಿದಳು, "ಹ್ವಾದ ಸಲ ದೇವರ ಹೆಸರು ಬರದಿದ್ದೇನು?"

"ಇಲ್ರಿ ಅತ್ತಿ. ಇಲ್ಲಿ ಹೆಸರು ಬರಿಬಾರದಂತ."

"ನಿನ್ನ ಹೆಸರು ಬರಿಬಾರದು ಅಂದಾರ. ದೇವರ ಹೆಸರು ಬರಿಬಾರದು ಅಂತ ಯಾರು ಅಂದಾರ? ಬರಿ. ಕೈ ನಡುಗೂದು ನಿಲ್ಲತೈತಿ."

ಹುಡುಗಿ ಬರೆದಳು. ಕೈ ನಡುಗುವುದು ನಿಂತಿತಂತೆ. ನಗುನಗುತ್ತ ಮನೆಗೆ ಬಂದು, ಐದೂ ಪ್ರಶ್ನೆ ಚಲೋ ಬರೆದೆ ಎಂದು ಹೇಳಿ, ಮುಂಜಾನೆಯ ಆರಿದ ಉಪ್ಪಿಟ್ಟನ್ನೇ ತಿಂದಳು. ಮೂರು ವಾರದ ಮೇಲೆ ಕಾಗದ ಬಂತು. ಉತ್ತರ ಪತ್ರಿಕೆಯ ಮೇಲೆ ಗುರುತು ಮಾಡಿ ತಿದ್ದುವವರಿಗೆ ಸನ್ನೆ ಕೊಟ್ಟ ಆರೋಪ, ವಿಚಾರಣೆಗೆ ಬರತಕ್ಕದ್ದು. ತಪ್ಪೆಂದು ತೀರ್ಮಾನವಾದರೆ ಆ ಪೇಪರಿಗೆ ಸೊನ್ನೆ, ಮತ್ತೆ ಬರೆಯಲು ಅವಕಾಶವಿಲ್ಲ. ಆ ಪೇಪರಿಲ್ಲದೆ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದವಳಿಗೆ ಇಲ್ಲಿ ಇರಲು ವೀಸಾ ಇಲ್ಲ. ಮೋಸ ಮಾಡಿ ಹೊರಬಿದ್ದವಳು ಎಂಬ ಹಣೆಪಟ್ಟಿ ಕಟ್ಟಿಕೊಂಡು ಬಿಜಾಪುರದ ಬಸ್ಸು ಹತ್ತಬೇಕು. ಮಾಸ್ತರನ ಮಗಳು.

ಅವತ್ತಿನಿಂದ ರತ್ನವ್ವನಿಗೆ ಅನ್ನ ಸೇರಿರಲಿಲ್ಲ. ಬರೆ ಎಂದವಳು ತಾನು. ಹುಡುಗಿ ಮಾತ್ರ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಎಷ್ಟೋ ಚಲೋ ಇತ್ತು. ಗಂಡ ನಿಜಲಿಂಗಪ್ಪ, ಪೋಸ್ಟ್ ಆಫೀಸಿನಲ್ಲಿ ಮೂವತ್ತು ವರ್ಷ ಕಾಗದ ವಿಂಗಡಿಸಿ ರಿಟೈರಾದ ಮನುಷ್ಯ, ಇಂಥದ್ದಕ್ಕೆಲ್ಲ ಒಂದೇ ಮದ್ದು ಹೇಳುತ್ತಿದ್ದ. "ನಮ್ಮ ಋಷಿಕೇಶ ಸಾಹೇಬ್ರು ಅಲ್ಲೇ ಯೂನಿವರ್ಸಿಟ್ಯಾಗ ಅದಾರಲ್ಲ. ಅವರು ಒಂದು ಮಾತು ಹೇಳಿದ್ರ ಮುಗೀತು." ಎರಡು ಸಲ ಫೋನು ಮಾಡಿದ. ಆ ಕಡೆ ಯಾರೂ ಎತ್ತಲಿಲ್ಲ.

ಬಾಗಿಲು ತೆರೆಯಿತು. ಒಳಗೆ ಉದ್ದನೆಯ ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಅಧ್ಯಕ್ಷೆ ಪ್ರೊಫೆಸರ್ ಹಾರ್ಗ್ರೀವ್, ಬೆಳ್ಳಿ ಕೂದಲು, ಹಸನಾದ ಮುಖ. ಅವಳ ಎಡಬಲಕ್ಕೆ ಇಬ್ಬರು ಗಂಡಸರು, ಮುಂದೆ ಒಂದೊಂದು ಹೂಜಿ ನೀರು. ಸ್ಫೂರ್ತಿಯ ಉತ್ತರ ಪತ್ರಿಕೆ ಮೇಜಿನ ನಟ್ಟನಡುವೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ಕೊಲೆ ಮಾಡಿದ ಚಾಕುವನ್ನು ಪೊಲೀಸರು ಇಡುತ್ತಾರಲ್ಲ, ಹಾಗೆ.

"ಮೊದಲಿಗೇ ಹೇಳಿಬಿಡುತ್ತೇನೆ," ಎಂದಳು ಅಧ್ಯಕ್ಷೆ. "ಇಲ್ಲಿ ಯಾರಿಗೂ ನಿನ್ನ ಸಂಸ್ಕೃತಿಯ ಬಗ್ಗೆ ಅಗೌರವವಿಲ್ಲ. ಮಾರ್ಚಿಯಲ್ಲಿ ನೀನು ಬರೆದುಕೊಟ್ಟ ನನ್ನ ಹೆಸರಿನ ಚೀಟಿ ಈಗಲೂ ನನ್ನ ಕೋಣೆಯಲ್ಲಿದೆ. ಬಂದವರೆಲ್ಲ ಕೇಳುತ್ತಾರೆ."

ಸ್ಫೂರ್ತಿ ಥ್ಯಾಂಕ್ಯೂ ಎಂದಳು. ಎಂಥ ಕಾಲ ಬಂತಪ್ಪಾ ಎಂದುಕೊಂಡಳು ರತ್ನವ್ವ. ಶೂಲಕ್ಕೇರಿಸುವವರಿಗೆ ಥ್ಯಾಂಕ್ಯೂ ಬೇರೆ.

ಬರೆದದ್ದೇನು, ಅದರ ಅರ್ಥವೇನು ಎಂದು ಕೇಳಿದರು. ಗುರು ಬಸವನೆಂಬ ಲಿಂಗಕ್ಕೆ ನಮಸ್ಕಾರ ಎಂದು ಹುಡುಗಿ ಹೇಳಿದಳು. ಗುರು ಎಂದರೆ ಅಧ್ಯಾಪಕರೇ ಅಲ್ಲವೇ ಎಂದ ಎಡಗಡೆಯವನು, ಏನೋ ಸಿಕ್ಕಿತು ಎನ್ನುವಂತೆ ಮುಂದಕ್ಕೆ ಬಾಗಿ. ಅಲ್ಲ ಸರ್, ಎಂಟುನೂರು ವರ್ಷದ ಹಿಂದಿನವರು ಎಂದು ಸ್ಫೂರ್ತಿ ವಿವರಿಸಿದಳು. ನಿಮ್ಮ ಕಡೆ ಎಲ್ಲರೂ ಹೀಗೆ ಬರೆಯುತ್ತಾರೆಯೇ? ಬಹಳ ಜನ ಬರೆಯುತ್ತಾರೆ. ಅದಕ್ಕೆ ಏನಾದರೂ ಪುರಾವೆ ಇದೆಯೇ? ಹುಡುಗಿ ತಬ್ಬಿಬ್ಬಾದಳು. ಹಲ್ಲುಜ್ಜಿ ಮುಖ ತೊಳೆಯುವುದಕ್ಕೆ ಯಾರಾದರೂ ಪುರಾವೆ ಇಟ್ಟುಕೊಳ್ಳುತ್ತಾರೆಯೇ? ರತ್ನವ್ವನ ಬಾಯಿ ತುದಿಗೆ ಬಂದ ಮಾತು ಉಪನಿಯಮ ಎರಡಕ್ಕೆ ತಗುಲಿ ಅಲ್ಲೇ ನಿಂತಿತು.

"ಯಾರಾದರೂ ಹೇಳಿಕೊಟ್ಟು ಬರೆಸಿದರೇ?" ಎಂದಳು ಅಧ್ಯಕ್ಷೆ.

ರತ್ನವ್ವ ಕೈ ಎತ್ತಿದಳು. ಶಾಲೆಯ ಹುಡುಗಿಯ ಹಾಗೆ, ಹಸಿರು ಬಳೆಗಳು ಮೊಣಕೈಗೆ ಜಾರುವಷ್ಟು ಎತ್ತರಕ್ಕೆ. ಅಧ್ಯಕ್ಷೆ ಮುಗುಳ್ನಕ್ಕು, "ಕ್ಷಮಿಸಿ, ಬೆಂಬಲಕ್ಕೆ ಬಂದವರು ಮಾತಾಡುವಂತಿಲ್ಲ," ಎಂದಳು. ಸ್ಫೂರ್ತಿ ಅತ್ತೆಯ ಕೈಯನ್ನು ಕೆಳಗೆಳೆದು ತನ್ನ ಕೈಯಲ್ಲಿಟ್ಟುಕೊಂಡು, "ಯಾರೂ ಇಲ್ಲ. ಅದು ನನ್ನ ರೂಢಿ," ಎಂದಳು.

ರತ್ನವ್ವನ ಕಣ್ಣು ತುಂಬಿ ಬಂತು. ತನ್ನ ತಪ್ಪನ್ನು ತಾನೇ ಒಪ್ಪಿಕೊಳ್ಳಲೂ ಬಿಡದ ಇದೆಂಥ ನ್ಯಾಯ ಎಂದು ಮೈಯೆಲ್ಲ ಉರಿಯಿತು.

"ಪತ್ರಿಕೆ ತಿದ್ದಿದವರನ್ನು ಕರೆಯಿರಿ," ಎಂದಳು ಅಧ್ಯಕ್ಷೆ.

ಒಳಗೆ ಬಂದವನು ಡಾಕ್ಟರ್ ಋಷಿಕೇಶ. ಅವನನ್ನು ಕಂಡದ್ದೇ ರತ್ನವ್ವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೈಸೂರಿನವನು, ಅಲ್ಲೇ ಓದಿ, ಹನ್ನೆರಡು ವರ್ಷದ ಹಿಂದೆ ಇದೇ ಯೂನಿವರ್ಸಿಟಿಗೆ ವಿದ್ಯಾರ್ಥಿಯಾಗಿ ಬಂದು, ಈಗ ಮೇಷ್ಟರಾದವನು. ಕನ್ನಡದವರು ನಾಲ್ಕು ಜನ ಸೇರಿದಲ್ಲಿ ಅವನಿಲ್ಲದೆ ಕಾರ್ಯಕ್ರಮವೇ ಇಲ್ಲ. ಈ ಏಪ್ರಿಲ್‌ನಲ್ಲಿ ಯುಗಾದಿಗೆಂದು ರೇನರ್ಸ್ ಲೇನಿನಲ್ಲಿ ಚರ್ಚಿನವರ ಹಾಲು ಹಿಡಿದು ಎಲ್ಲರೂ ಸೇರಿದಾಗ, ಪಂಚೆ ಉಟ್ಟು ಶಲ್ಯ ಹೊದ್ದು, ಊರಿಂದ ತರಿಸಿದ ಪಂಚಾಂಗವನ್ನು ಮುಕ್ಕಾಲು ಗಂಟೆ ಓದಿದವನು ಅವನೇ. ಸ್ವಭಾನು ಸಂವತ್ಸರದ ಫಲ, ಮಳೆ ಎಷ್ಟು, ಬೆಳೆ ಎಷ್ಟು, ಯಾವ ರಾಶಿಗೆ ಏನು. ಇರುವೆಯಂಥ ಅಕ್ಷರಗಳನ್ನು ಒಂದು ಕಡೆಯೂ ತಡವರಿಸದೆ ಓದಿದ್ದ. ಮುಂದಿನ ಸಾಲಿನಲ್ಲೇ ಕೂತಿದ್ದ ರತ್ನವ್ವ, ಸ್ಫೂರ್ತಿ ಇಬ್ಬರೂ ಕೇಳಿದ್ದರು. ಅವತ್ತು ಊಟಕ್ಕೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದ್ದು ರತ್ನವ್ವನೇ.

ಸದ್ಯ, ನಮ್ಮವನೇ ತಿದ್ದಿದ್ದಾನೆ ಎಂದುಕೊಂಡಳು. ಇನ್ನು ಇವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುತ್ತಾನೆ. ಅವನು ಮಾತ್ರ ಈ ಕಡೆ ನೋಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಟೈ ಸವರಿಕೊಂಡ.

"ಗುರುತು ಕಂಡ ದಿನವೇ ನಾನು ಪರೀಕ್ಷಾ ಕಚೇರಿಗೆ ಬರೆದು ತಿಳಿಸಿದೆ," ಎಂದ ಇಂಗ್ಲಿಷಿನಲ್ಲಿ. "ನಿಯಮದ ಪ್ರಕಾರ."

ರತ್ನವ್ವನಿಗೆ ಮೊದಲು ಅರ್ಥವಾಗಲಿಲ್ಲ. ಯಾರು ತಿಳಿಸಿದ್ದು? ಆಮೇಲೆ ಫೋನು ಎತ್ತದಿದ್ದುದು ನೆನಪಾಯಿತು.

"ನೀವೂ ಭಾರತದವರು," ಎಂದಳು ಅಧ್ಯಕ್ಷೆ. "ಈ ಬರಹವನ್ನು ನೀವು ಓದಬಲ್ಲಿರಾ?"

"ಇಲ್ಲ," ಎಂದ ಋಷಿಕೇಶ. "ಭಾರತದಲ್ಲಿ ಬೇಕಾದಷ್ಟು ಲಿಪಿಗಳಿವೆ. ಯಾವುದೋ ಒಂದು ಭಾರತೀಯ ಲಿಪಿ ಎಂದು ಮಾತ್ರ ಗೊತ್ತಾಯಿತು. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ."

ರತ್ನವ್ವ ಕುರ್ಚಿಯಿಂದ ಅರ್ಧ ಎದ್ದಳು. ಕುರ್ಚಿಯ ಕಾಲು ನೆಲಕ್ಕೆ ಕಿರ್ರೆಂದು ಉಜ್ಜಿತು. ಮೂವರೂ ತಿರುಗಿ ನೋಡಿದರು. ಸುಳ್ಳ. ಹಸಿ ಸುಳ್ಳ. ಪಂಚಾಂಗ ಓದಿದ ಬಾಯಿಯಲ್ಲಿ, ನೂರು ಜನ ಚಪ್ಪಾಳೆ ತಟ್ಟಿದ ಬಾಯಿಯಲ್ಲಿ, ಓದಲು ಬರುವುದಿಲ್ಲ ಎನ್ನುತ್ತಾನಲ್ಲ. ಉಪನಿಯಮ ಮಣ್ಣುಪಾಲಾಗಲಿ, ಈಗಲೇ ಹೇಳಿಬಿಡುತ್ತೇನೆ ಎಂದು ಅವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಸ್ಫೂರ್ತಿಯ ಉಗುರು ಅಂಗೈಗೆ ನಾಟಿತು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಯಾಕೆ ಬೇಡ?

ಅದಕ್ಕೆ ಉತ್ತರ ಅಧ್ಯಕ್ಷೆಯ ಬಾಯಿಂದಲೇ ಬಂತು. "ಯಾಕೆ ಕೇಳಿದೆನೆಂದರೆ, ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ. ಈ ತರಗತಿಯಲ್ಲಿ ಹದಿನಾಲ್ಕು ಜನ ಭಾರತೀಯರಿದ್ದಾರೆ. ಈ ಭಾಷೆಯವಳು ಇವಳೊಬ್ಬಳೇ. ತಿದ್ದುವವರಿಗೆ ಓದಲು ಬಂದರೆ ಇದು ಹೆಸರು ಬರೆದ ಹಾಗೆಯೇ. ಓದಲು ಬಾರದಿದ್ದರೆ ಇದು ಬರೀ ಗೀಚು. ಯಾರಿಗೂ ಅನುಕೂಲವಿಲ್ಲದ ಗೀಚು."

ರತ್ನವ್ವ ಮೆಲ್ಲಗೆ ಕೂತಳು. ಈಗ ತಿಳಿಯಿತು ಅವಳಿಗೆ. ಇವನಿಗೆ ಓದಲು ಬರುತ್ತದೆ ಎಂದು ತಾನು ಹೇಳಿದ ಗಳಿಗೆಯಲ್ಲೇ ಹುಡುಗಿ ಮುಳುಗುತ್ತಾಳೆ. ಅವನ ಸುಳ್ಳೇ ಹುಡುಗಿಗೆ ಆಸರೆ. ಕನ್ನಡ ಬರುವುದಿಲ್ಲ ಎಂದು ಕನ್ನಡದವನೊಬ್ಬ ಹೇಳಿದ್ದಕ್ಕೆ ಕನ್ನಡದ ಹುಡುಗಿ ಉಳಿಯಬೇಕು. ಇಂಥ ಗಂಟನ್ನು ಯಾವ ಪುಣ್ಯಾತ್ಮ ಹಾಕಿದನೋ. ಅವಳಿಗೆ ಆ ಮೇಜನ್ನು ಎತ್ತಿ ಒಗೆಯಬೇಕೆನಿಸಿತು.

ಬಲಗಡೆ ಕೂತಿದ್ದವನು ಅಲ್ಲಿಯವರೆಗೆ ತುಟಿಪಿಟಕ್ಕೆಂದಿರಲಿಲ್ಲ. ಅವನು ಪೆನ್ನು ಕೆಳಗಿಟ್ಟು ಸ್ಫೂರ್ತಿಯ ಕಡೆ ತಿರುಗಿದ. "ನಿನಗೆ ತಿಳಿದ ಮಟ್ಟಿಗೆ ಹೇಳು. ಡಾಕ್ಟರ್ ಋಷಿಕೇಶ ಅವರಿಗೆ ಈ ಭಾಷೆ ಓದಲು ಬರುತ್ತದೆಯೇ?"

ಋಷಿಕೇಶ ತನ್ನ ಬೂಟಿನ ತುದಿಯನ್ನು ನೋಡುತ್ತಿದ್ದ. ಸ್ಫೂರ್ತಿ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದಳು. ಅವಳು ಸುಳ್ಳಾಡಿದ್ದನ್ನು ರತ್ನವ್ವ ಈ ಒಂಬತ್ತು ತಿಂಗಳಲ್ಲಿ ಕಂಡಿರಲಿಲ್ಲ. ಹಾಲು ಉಕ್ಕಿಸಿದರೆ ನಾನೇ ಉಕ್ಕಿಸಿದೆ ಎನ್ನುವ ಹುಡುಗಿ. ಈಗ ಮೇಜಿನ ಮೇಲೆ ದೇವರ ಹೆಸರು ಬರೆದ ಪತ್ರಿಕೆ ಇಟ್ಟುಕೊಂಡು, ಅದರೆದುರಿಗೇ, ಸಣ್ಣ ದನಿಯಲ್ಲಿ ಹೇಳಿದಳು.

"ನನಗೆ ಗೊತ್ತಿಲ್ಲ ಸರ್."

ಅವನು ಬರೆದುಕೊಂಡ.

ಹತ್ತು ನಿಮಿಷ ಹೊರಗೆ ಕೂರಿಸಿ ಮತ್ತೆ ಒಳಗೆ ಕರೆದರು. ಮೋಸದ ಉದ್ದೇಶವಿರಲಿಲ್ಲ, ಅಂಕ ಹಾಗೆಯೇ ಇರುತ್ತದೆ ಎಂದು ಅಧ್ಯಕ್ಷೆ ಓದಿದಳು. ಎಪ್ಪತ್ತೆಂಟು ಅಂಕ. ರತ್ನವ್ವ ಕಣ್ಣು ಮುಚ್ಚಿ ಕೈ ಮುಗಿದಳು. ಆದರೆ ಓದುವುದು ಇನ್ನೂ ಮುಗಿದಿರಲಿಲ್ಲ. ಇನ್ನು ಮುಂದೆ ಪತ್ರಿಕೆಗಳ ಮೇಲೆ ಅನಗತ್ಯ ಗೀಚು ಹಾಕುವುದಿಲ್ಲವೆಂದು ವಿದ್ಯಾರ್ಥಿನಿ ಬರೆದುಕೊಡಬೇಕು. ಮತ್ತು ವಿದೇಶಿ ವಿದ್ಯಾರ್ಥಿಗಳು ಇಲ್ಲಿಯ ರೀತಿನೀತಿಗೆ ಹೊಂದಿಕೊಳ್ಳುವ ಬಗ್ಗೆ ಅರ್ಧ ದಿನದ ತರಬೇತಿಗೆ ಹಾಜರಾಗಬೇಕು.

"ಅದನ್ನು ಬಹಳ ಚೆನ್ನಾಗಿ ನಡೆಸುತ್ತಾರೆ," ಎಂದು ಅಧ್ಯಕ್ಷೆ ಸೇರಿಸಿದಳು. "ಊಟವೂ ಇರುತ್ತದೆ."

ಸ್ಫೂರ್ತಿ ಬರೆದುಕೊಟ್ಟು ಸಹಿ ಹಾಕಿದಳು. 'ಅನಗತ್ಯ ಗೀಚು' ಎಂಬಲ್ಲಿಗೆ ಬಂದಾಗ ಪೆನ್ನು ಒಂದು ಕ್ಷಣ ತಡೆಯಿತು, ಅಷ್ಟೆ. ಗೆದ್ದು ಬಂದವಳ ಮುಖದಲ್ಲಿ ಒಂದು ಹನಿ ಖುಷಿಯಿರಲಿಲ್ಲ. ಹೊರಗೆ ಬಂದವಳೇ ಗೋಡೆಗೆ ಒರಗಿ ನಿಂತಳು.

"ಏನಾತ ಕೂಸ?"

"ಏನಿಲ್ರಿ ಅತ್ತಿ." ಎದುರಿನ ಪೋಸ್ಟರು ನೋಡುತ್ತ ಹೇಳಿದಳು, "ಬರದದ್ದಕ್ಕ ನನಗ ನಾಚಿಕಿ ಆಗಿರಲಿಲ್ರಿ. ಈಗ ಆಗಾಕತ್ತೈತಿ."

ಆ ಮಾತು ರತ್ನವ್ವನ ಕರುಳಿಗೆ ತಾಗಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ಋಷಿಕೇಶ ಬರುತ್ತಿದ್ದ. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹತ್ತಿರ ಬಂದ.

"ರತ್ನಮ್ನೋರೆ," ಎಂದ ಕನ್ನಡದಲ್ಲಿ, ದನಿ ತಗ್ಗಿಸಿ. "ನೀವು ತಪ್ಪು ತಿಳ್ಕೋಬಾರ್ದು. ಓದಕ್ಕೆ ಬರತ್ತೆ ಅಂದಿದ್ರೆ ಇವಳ ಕತೆ ಅಲ್ಲಿಗೇ ಮುಗೀತಿತ್ತು. ನಾನು ಉಳಿಸ್ದೆ ಇವಳನ್ನ."

ರತ್ನವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಒಂದು ಗಂಟೆ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಈಗ ಕಟ್ಟೆ ಒಡೆಯಿತು.

"ಉಳಿಸಿದ್ರಿ, ಖರೆ. ಮೊದಲ ಒಯ್ದು ಕೊಟ್ಟವರು ಯಾರ್ರಿ?"

"ಅದು ಹಾಗಲ್ಲ. ಒಬ್ರು ತಿದ್ದಿದ್ ಮೇಲೆ ಇನ್ನೊಬ್ರು ನೋಡ್ತಾರೆ. ಅವರ ಕಣ್ಣಿಗೆ ಬಿದ್ದೇ ಬೀಳ್ತಿತ್ತು. ನೀನ್ಯಾಕೆ ಹೇಳ್ಲಿಲ್ಲ, ನಿಮ್ಮೋಳು ಅಂತ ಮುಚ್ಚಿಟ್ಯಾ ಅಂತ ನನ್ನ ಕೇಳ್ತಿದ್ರು. ಈ ಡಿಪಾರ್ಟ್‌ಮೆಂಟಲ್ಲಿ ನಾನೊಬ್ನೇ ನಮ್ಮ ಕಡೆಯೋನು. ಹನ್ನೆರಡು ವರ್ಷ ಒಂದು ಮಾತು ಬರದ ಹಾಗೆ ಬದುಕಿದೀನಿ. ಇಲ್ಲಿ ಹೊಂದ್ಕೊಂಡು ಹೋಗೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಾಗಲ್ಲ."

"ನನಗ ಗೊತ್ತಾಗೂದಿಲ್ಲ," ಎಂದಳು ರತ್ನವ್ವ. "ಮೂವತ್ತೊಂದು ವರ್ಷ ಆತ್ರಿ ನಾ ಈ ದೇಶಕ್ಕ ಬಂದು. ಶಾಲ್ಯಾಗ ಹುಡುಗರು ನನ್ನ ಕೈ ವಾಸನಿ ಬರತೈತಿ ಅಂತ ತಾಟು ಸರಿಸ್ತಿದ್ವು. ಬಳಿ ತಗಿ ಅಂದ್ರು, ತಗೀಲಿಲ್ಲ. ಬಡಿಸೂದೂ ಬಿಡಲಿಲ್ಲ. ಕಡಿಗೆ ಅವ ಹುಡುಗರ ಇನ್ನೊಂದೀಟ ಹಾಕು ಅಂತ ತಾಟು ಒಡ್ಡಿದ್ವು. ಹೊಂದಿಕೊಳ್ಳೂದು ಅಂದ್ರ ನನಗೂ ಗೊತ್ತೈತ್ರಿ."

"ನಿಮ್ಮ ಕೆಲಸಾನೇ ಬೇರೆ, ನನ್ನ..."

"ಹೌದು, ನನ್ನ ಕೆಲಸ ಬ್ಯಾರೆ. ನಾ ಓದಿದಾಕಿ ಅಲ್ಲ. ನೀವು ಓದಿದವರು. ಇದು ನಮ್ಮ ಕಡೆ ಪದ್ಧತಿ, ಸಣ್ಣವರಿದ್ದಾಗಿಂದ ಬರೀತೀವಿ, ನಾನೂ ನನ್ನ ಪೇಪರಿನ ಮ್ಯಾಲ ಶ್ರೀ ಅಂತ ಬರದಾಂವನ, ಇದರಾಗ ಮೋಸ ಇಲ್ಲ ಅಂತ ನಾಕ ಮಾತು ಹೇಳಿದ್ರ ಸಾಕಿತ್ತು. ಆ ಕ್ವಾಣ್ಯಾಗ ನಿಮ್ಮನ್ನ ಬಿಟ್ರ ಅದನ್ನ ಹೇಳವರು ಮತ್ಯಾರಿದ್ರು? ನನ್ನ ಬಾಯಿಗೆ ಅವರು ಬೀಗ ಹಾಕಿದ್ರು. ನಿಮ್ಮ ಬಾಯಿಗೆ ಯಾರು ಹಾಕಿದ್ರು?"

ಋಷಿಕೇಶನ ಕಿವಿ ಕೆಂಪಾಯಿತು. "ಹೇಳಿದ್ರೆ ನಂಬ್ತಿದ್ರು ಅಂತೀರಾ?"

"ಹೇಳಿ ನೋಡಬೇಕಿತ್ರಿ. ಹೇಳದವರಿಗೆ ಅದು ಹ್ಯಾಂಗ ತಿಳಿಬೇಕು?"

"ನಾನೂ ಶ್ರೀ ಬರೀತಿದ್ದೆ," ಎಂದ ಅವನು, ಯಾರಿಗೂ ಅಲ್ಲ ಎನ್ನುವಂತೆ. "ಇವಳ ಪೇಪರ್ ತೆಗ್ದಾಗ ಮೊದಲು ಕಣ್ಣಿಗೆ ಬಿದ್ದಿದ್ದೇ ಆ ಸಾಲು. ಎಷ್ಟು ಖುಷಿ ಆಯ್ತು ಗೊತ್ತಾ? ಆಮೇಲೆ ಹೆದರಿಕೆ ಆಯ್ತು."

ಒಂದು ಕ್ಷಣ ರತ್ನವ್ವನಿಗೆ ಅವನ ಮೇಲೆ ಅಯ್ಯೋ ಅನಿಸಿತು. ಅಯ್ಯೋ ಅನಿಸಿದ್ದಕ್ಕೆ ಮತ್ತಷ್ಟು ಸಿಟ್ಟು ಬಂತು. ಹೆದರಿಕೆ ಯಾರಿಗಿಲ್ಲ? ಇಪ್ಪತ್ತಮೂರು ವರ್ಷದ ಈ ಹುಡುಗಿಗೆ ಇರಲಿಲ್ಲವೇ? ಇವನಿಂದಾಗಿ ಅವಳು ಸುಳ್ಳು ಹೇಳಿದಳು, ತನ್ನ ಅಕ್ಷರವನ್ನು ಗೀಚು ಎಂದು ಬರೆದುಕೊಟ್ಟಳು, ನಾಳೆ ಹೋಗಿ ತರಬೇತಿಯಲ್ಲಿ ಕೂರುತ್ತಾಳೆ. ಇವನು ಮುಂದಿನ ಯುಗಾದಿಗೆ ಮತ್ತೆ ಶಲ್ಯ ಹೊದ್ದು ವೇದಿಕೆ ಹತ್ತುತ್ತಾನೆ.

"ಅತ್ತಿ, ಹೋಗೂಣ ಬರ್ರಿ," ಎಂದಳು ಸ್ಫೂರ್ತಿ.

ಅಷ್ಟರಲ್ಲಿ ಸಮಿತಿಯ ಕೋಣೆಯ ಬಾಗಿಲು ತೆರೆದು ಪ್ರೊಫೆಸರ್ ಹಾರ್ಗ್ರೀವ್ ಹೊರಗೆ ಬಂದಳು, ಬಗಲಲ್ಲಿ ಫೈಲು. ಋಷಿಕೇಶನ ಮುಖ ನೋಡನೋಡುತ್ತಲೇ ಬದಲಾಯಿತು. ಬೆನ್ನು ನೆಟ್ಟಗಾಯಿತು, ದನಿ ಇಂಗ್ಲಿಷಿಗೆ ಹೊರಳಿತು.

"ಭೇಟಿಯಾಗಿದ್ದು ಸಂತೋಷ ಮೇಡಂ. ಹುಷಾರಾಗಿ ಮನೆ ಸೇರಿಕೊಳ್ಳಿ," ಎಂದು ಅವನು ಕೈ ಮುಂದೆ ಚಾಚಿದ. ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡ ಕೈ.

ಅಧ್ಯಕ್ಷೆ ಲಿಫ್ಟಿನ ಗುಂಡಿ ಒತ್ತಿ, ಅವನನ್ನೂ ರತ್ನವ್ವನನ್ನೂ ನೋಡಿದಳು. ಅವಳ ಕಣ್ಣಲ್ಲಿ ಕೇಡೇನೂ ಇರಲಿಲ್ಲ. ಸುಮ್ಮನೆ, ಮಾತಿಗೆ ಕೇಳಿದಳು.

"ಓ, ನೀವಿಬ್ಬರೂ ಪರಿಚಯದವರೇ?"

ಉಪನಿಯಮ ಎರಡು ಕೋಣೆಯ ಒಳಗಿನದು. ಇಲ್ಲಿ ರತ್ನವ್ವನ ಬಾಯಿಗೆ ಯಾವ ಬೀಗವೂ ಇರಲಿಲ್ಲ. ಹೌದು ಎಂದರೆ ಸಾಕು. ಎಲ್ಲಿ, ಹೇಗೆ ಪರಿಚಯ ಎಂದು ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಚರ್ಚಿನ ಹಾಲು, ಹಬ್ಬ, ಪಂಚಾಂಗ ಒಂದರ ಹಿಂದೊಂದು ಹೊರಗೆ ಬೀಳುತ್ತವೆ. ಅವನು ಹೋಗುತ್ತಾನೆ. ಅವನ ಹಿಂದೆಯೇ, ಈಗಷ್ಟೇ ಹಾಕಿದ ಸಹಿಯ ಶಾಯಿ ಆರುವ ಮುಂಚೆಯೇ, ಹುಡುಗಿಯೂ ಹೋಗುತ್ತಾಳೆ. ಋಷಿಕೇಶನ ಚಾಚಿದ ಕೈ ಗಾಳಿಯಲ್ಲೇ ನಿಂತಿತ್ತು. ಸ್ಫೂರ್ತಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

ರತ್ನವ್ವ ಸೆರಗನ್ನು ಭುಜದ ತುಂಬ ಹೊದ್ದುಕೊಂಡಳು. ಅವನ ಮುಖವನ್ನು ನೇರವಾಗಿ, ಸಾವಕಾಶವಾಗಿ ನೋಡಿದಳು.

"ಇಲ್ಲ ಮೇಡಂ," ಎಂದಳು ಶಾಲೆಯ ಅಡುಗೆಮನೆಯಲ್ಲಿ ಕಲಿತ ತನ್ನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ. "ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ."

ಲಿಫ್ಟು ಬಂತು. ಅಧ್ಯಕ್ಷೆ ಒಳಗೆ ಹೋಗಿ, ಇವರಿಗೂ ಜಾಗವಿದೆ ಎಂದು ಪಕ್ಕಕ್ಕೆ ಸರಿದಳು. ಋಷಿಕೇಶ ಕೈಯನ್ನು ಕೋಟಿನ ಜೇಬಿಗೆ ಇಳಿಸಿ, ತಲೆ ತಗ್ಗಿಸಿ, ಅವಳ ಹಿಂದೆ ಹೋಗಿ ನಿಂತ. ರತ್ನವ್ವ ಅಲುಗಲಿಲ್ಲ. ಬಾಗಿಲು ಮುಚ್ಚಿತು.

ಬಾಗಿಲ ಮೇಲಿನ ಅಂಕಿಗಳು ಮೂರು, ಎರಡು, ಒಂದು ಎಂದು ಇಳಿಯುವುದನ್ನು ಇಬ್ಬರೂ ನೋಡುತ್ತ ನಿಂತರು. ಲಿಫ್ಟನ್ನು ಮತ್ತೆ ಕರೆಯಲೆಂದು ಸ್ಫೂರ್ತಿ ಗುಂಡಿಯ ಕಡೆ ಕೈ ಚಾಚಿದಳು. ರತ್ನವ್ವ ಆ ಕೈಯನ್ನು ಹಿಡಿದುಕೊಂಡು ಮೆಟ್ಟಿಲ ಕಡೆಗೆ ನಡೆದಳು.